ಎಣ್ಣೆ ಕುಡಿದ ಕಂಬಿ

ನನ್ನ ಮನೆಯ ಬಾಗಿಲ ಹಿಂದೆ ಒಂದು ಕಂಬಿ ಒರಗಿ ನಿಂತಿದೆ. ಎರಡು ಮೊಳ ಉದ್ದ, ಹೆಬ್ಬೆರಳ ದಪ್ಪ, ಒಂದು ತುದಿಗೆ ಕಬ್ಬಿಣದ ಕೊಳವೆ. ಬಂದವರು ನಾಯಿ ಓಡಿಸಲು ಇಟ್ಟುಕೊಂಡಿದ್ದೇನೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ. ಬುರುಲ್ಲುಸ್ ಎಂಬ ಈ ಕಡಲೂರಿನಲ್ಲಿ ಒಬ್ಬೊಬ್ಬರಿಗೂ ವಿವರ ಕೊಡುತ್ತ ಕೂತರೆ ಚಹಾ ತಣ್ಣಗಾಗುತ್ತದೆ. ಇವತ್ತು ಗುರುವಾರ, ಅದಕ್ಕೇ ಯಾಕೋ ಹೇಳಬೇಕೆನಿಸಿದೆ. ಕೇಳುವುದಾದರೆ ಕೇಳಿ.

ನಾನು ಝೈನ್‌ಹುಮ್. ಹುಟ್ಟಿದ್ದು ಅಲೆಕ್ಸಾಂಡ್ರಿಯಾದಲ್ಲಿ, ಕಸುಬು ಕಾಂಕ್ರೀಟಿನೊಳಗಿನ ಕಂಬಿ ಕಟ್ಟುವುದು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ಸಿಟ್ಟಂತೂ ಮೂಗಿನ ತುದಿಯಲ್ಲೇ. ಈ ಬಾಯಿಂದ ಕೆಲಸ ಕಳೆದುಕೊಂಡಿದ್ದೂ ಉಂಟು. ಮೂವತ್ತು ದಾಟಿದ್ದರೂ ಮದುವೆ ಆಗಿರಲಿಲ್ಲ. ನಮ್ಮಮ್ಮ, ನಿನ್ನ ನಾಲಗೆಯನ್ನೇ ಕಟ್ಟಿಕೋ, ಅದಕ್ಕೆ ಬೇರೆ ಹೆಂಡತಿ ಬೇಡ ಎನ್ನುತ್ತಿದ್ದಳು.

ಆಗ ನಮ್ಮೂರಿನ ಕಾಲೇಜಿನಿಂದ ಡಾಕ್ಟರಾ ನಾದಿರಾ ಎಂಬ ಇಂಜಿನಿಯರಮ್ಮ ಹೊಸ ಬಗೆಯ ಕಂಬಿ ತಂದರು. ಗಾಜಿನ ಎಳೆಗಳನ್ನು ಅಂಟಿನಲ್ಲಿ ಅದ್ದಿ, ಎಳೆದು, ಒಣಗಿಸಿ ಮಾಡಿದ ಕಂಬಿ. ಒಂದು ಕೈಯಲ್ಲಿ ಆರು ಎತ್ತಬಹುದು, ಅಷ್ಟು ಹಗುರ. ಉಪ್ಪು ನೀರಿನಲ್ಲಿ ವರ್ಷಗಟ್ಟಲೆ ಇಟ್ಟರೂ ತುಕ್ಕು ಹಿಡಿಯದು. ಬುರುಲ್ಲುಸ್‌ನ ದೋಣಿಕಟ್ಟೆಯನ್ನು ಅದರಿಂದಲೇ ಹೊಸದಾಗಿ ಕಟ್ಟುವುದೆಂದು ತೀರ್ಮಾನವಾಗಿತ್ತು. ಉಸ್ತಾ, ಅಂದರೆ ಮೇಸ್ತ್ರಿಯಾಗಿ ನನ್ನನ್ನೂ, ಜೊತೆಗೆ ಒಂಬತ್ತು ಜನ ಕೆಲಸಗಾರರನ್ನೂ ಲಾರಿಗೆ ಹತ್ತಿಸಿ ಕಳಿಸಿದರು.

ಹಳೆಯ ಕಟ್ಟೆ ಕಬ್ಬಿಣದ್ದು. ಸಮುದ್ರದ ಪಕ್ಕದಲ್ಲಿ ಕಬ್ಬಿಣದ ಗತಿ ಏನೆಂದು ಕಂಬಿಯವನಿಗೆ ಗೊತ್ತು. ಉಪ್ಪು ಒಳಗಿಳಿಯುತ್ತದೆ, ಕಂಬಿ ತುಕ್ಕು ಹಿಡಿದು ಊದುತ್ತದೆ, ಊದಿ ತನ್ನನ್ನು ಹೊತ್ತ ಕಾಂಕ್ರೀಟನ್ನೇ ಸೀಳುತ್ತದೆ. ಆ ಕಟ್ಟೆಯ ಮೂರನೆಯ ಮೆಟ್ಟಿಲು ಒಂದು ಬೆಳಿಗ್ಗೆ ರಯ್ಯಿಸ್ ದುಸೂಕಿಯ ಹೆಂಡತಿಯ ಕಾಲ ಕೆಳಗೆ ಕುಸಿದಿತ್ತು. ತಲೆ ಮೇಲೆ ಮೀನಿನ ಬುಟ್ಟಿ ಹೊತ್ತಿದ್ದಳಂತೆ. ಸೊಂಟ ಮುರಿದು ಮಲಗಿದವಳು ಮತ್ತೆ ಏಳಲಿಲ್ಲ. ದುಸೂಕಿ ಆ ಊರಿನ ದೋಣಿಗಾರರಲ್ಲಿ ಹಿರಿಯ, ಅದಕ್ಕೇ ರಯ್ಯಿಸ್, ಅವನ ಮಾತೆಂದರೆ ಮಾತು. ಅವತ್ತಿನಿಂದ ಕಟ್ಟೆ ಕಟ್ಟುವವರನ್ನು ಕಂಡರೆ ಅವನಿಗೆ ಹೊಟ್ಟೆಯೊಳಗೆ ಬೆಂಕಿ.

ಅವನ ಮನೆ ಕಟ್ಟೆಗೆ ಎದುರೇ ಇತ್ತು. ಮನೆಯಲ್ಲಿ ಅವನು, ಅವನ ಮಗಳು ಸನಿಯ್ಯಾ, ಇಬ್ಬರೇ.

ಬುರುಲ್ಲುಸ್‌ನವರಿಗೆ ಒಂದು ಅಭ್ಯಾಸ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಪ್ರತಿ ಮನೆಯ ಹೆಂಗಸರೂ ಹೊಸ್ತಿಲ ಮೇಲೆ ಕೂತು, ಮನೆಯಲ್ಲಿರುವ ಕಬ್ಬಿಣಕ್ಕೆಲ್ಲ ಎಣ್ಣೆ ಹಚ್ಚುತ್ತಾರೆ. ಗಾಳ, ಸರಪಳಿ, ಲಂಗರು, ಚಿಲಕ, ಕೀಲಿಕೈ ಒಂದನ್ನೂ ಬಿಡರು. ಮೀನಿನ ಎಣ್ಣೆಗೆ ಕುರಿಯ ಕೊಬ್ಬು ಕಾಸಿ ಸೇರಿಸಿದ ಲೇಪ ಅದು, ಒಂದೊಂದು ಮನೆಗೆ ಒಂದೊಂದು ಹದ. ದುಸೂಕಿಯ ಮನೆಯದರಲ್ಲಿ ಲವಂಗ ಇರುತ್ತಿತ್ತು, ತೀರಿಕೊಂಡ ತಾಯಿ ಮಗಳಿಗೆ ಕಲಿಸಿದ ಹದ. ಎಣ್ಣೆ ಕಾಣದ ಕಬ್ಬಿಣವಿರುವ ಮನೆ ಸೋಮಾರಿಯ ಮನೆ ಎಂದು ಇಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಚಿಲಕ ಮುಟ್ಟಿ ನೋಡುತ್ತಾರೆ.

ಅಂಥ ಒಂದು ಗುರುವಾರ ನಾನು ನೀರು ಕೇಳಲು ಹೋದೆ. ಸನಿಯ್ಯಾ ಹೊಸ್ತಿಲ ಮೇಲೆ ಕೂತು ಸರಪಳಿ ಒರೆಸುತ್ತಿದ್ದಳು. ತಲೆ ಎತ್ತದೆ ಗಲ್ಲದಿಂದಲೇ ಹೂಜಿ ತೋರಿಸಿದಳು.

"ಗಾಜಿನ ಕೋಲು ತಂದಿರೋ ಉಸ್ತಾ ನೀನೇ ಅಲ್ವಾ? ಹುಷಾರು, ಸೀನಿದ್ರೆ ಒಡೆದುಹೋದೀತು."

ಬೇರೆ ಯಾರಾದರೂ ಅಂದಿದ್ದರೆ ಹೂಜಿ ಅಲ್ಲೇ ಕುಕ್ಕಿ ಬರುತ್ತಿದ್ದೆ. ಅವಳು ಅಂದಾಗ ನಕ್ಕುಬಿಟ್ಟೆ. ಆಮೇಲೆ ಪ್ರತಿ ಗುರುವಾರ ನನಗೆ ಬಾಯಾರಿಕೆ. ಜೊತೆಯವರು, ಉಸ್ತಾನ ಗಂಟಲಲ್ಲಿ ವಾರಕ್ಕೊಂದು ಸಲ ಮರಳುಗಾಡು ಬೆಳೆಯುತ್ತದೆ ಎಂದು ರೇಗಿಸುತ್ತಿದ್ದರು.

ಒಂದು ದಿನ ಅವಳೇ ಕೇಳಿದಳು. ಅಷ್ಟು ನುಣುಪಾದ ಕೋಲನ್ನು ಕಾಂಕ್ರೀಟು ಹೇಗೆ ಹಿಡಿದುಕೊಳ್ಳುತ್ತದೆ, ಕಬ್ಬಿಣಕ್ಕಾದರೆ ಮೈಮೇಲೆ ಏಣುಗಳಿರುತ್ತವಲ್ಲ, ಎಂದು. ನಾನು ಒಂದು ತುಂಡು ತಂದು ಅವಳ ಕೈಗಿಟ್ಟೆ. ಅವಳು ಬೆರಳಾಡಿಸಿ, ಒರಟಾಗಿದೆ, ಬೆಕ್ಕಿನ ನಾಲಗೆ ಹಾಗೆ, ಎಂದಳು. ಆಗ ವಿವರಿಸಿದೆ. ಕಬ್ಬಿಣ ಏಣಿನಿಂದ ಕಚ್ಚುತ್ತದೆ. ಇದರ ಅಂಟು ಹಸಿಯಾಗಿರುವಾಗಲೇ ಮೈತುಂಬ ಮರಳು ಅಂಟಿಸಿರುತ್ತೇವೆ. ಸಿಮೆಂಟಿನ ಹಾಲು ಆ ಮರಳಿನ ಸಂದುಸಂದಿಗೂ ಇಳಿದು ಗಟ್ಟಿಯಾಗುತ್ತದೆ. ಮೊದಲು ಅಂಟಿಕೊಳ್ಳುವುದು, ಆಮೇಲೆ ಕಚ್ಚಿಕೊಳ್ಳುವುದು, ಅದೂ ಸಡಿಲಿದರೆ ಉಜ್ಜಿಕೊಂಡಾದರೂ ತಡೆಯುವುದು. ಹೀಗೆ ಮೂರು ಕೈಗಳಿಂದ ಹಿಡಿದಿರುತ್ತದೆ ಎಂದೆ.

"ಮೂರು ಕೈ ಇದ್ದೂ ಬಿಟ್ಟುಬಿಟ್ರೆ?" ಎಂದಳು.

"ಬಿಡಲ್ಲ."

"ಕಟ್ಟೆ ಮುಗಿದ ಮೇಲೆ ನೀನು ಹೊರಟುಹೋಗ್ತೀಯಲ್ಲ."

ಅವಳು ಕೇಳುತ್ತಿದ್ದುದು ಕಂಬಿಯ ಮಾತಲ್ಲ ಎಂದು ನನ್ನಂಥ ದಡ್ಡನಿಗೂ ಗೊತ್ತಾಯಿತು. ಹೋಗಲ್ಲ ಎಂದೆ. ಅವಳ ಕಿವಿ ಕೆಂಪಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ, ನನಗೆ ಅವಳು ಬೇಕಿತ್ತು, ಅಷ್ಟೇ.

ಕ್ರಮ ಪ್ರಕಾರ ಮಸೀದಿಯ ಶೇಖ್ ಮುತವಲ್ಲಿಯವರನ್ನು ಹೆಣ್ಣು ಕೇಳಲು ಕಳಿಸಿದೆ. ದುಸೂಕಿ ಅವರಿಗೆ ಮನೆಯಲ್ಲಿ ಉತ್ತರ ಕೊಡಲಿಲ್ಲ. ಸಂಜೆ ಎಲ್ಲರೂ ಕೂತಿದ್ದ ಕಾಫಿಯಂಗಡಿಗೆ ಬಂದು, ನನ್ನ ಎದುರಿಗೇ ನಿಂತ.

"ಕಾಂಕ್ರೀಟಿಗೆ ನಿನ್ನ ಕೋಲು ಕಚ್ಚಿಕೊಳ್ಳುತ್ತಂತಲ್ಲ. ಅದರಿಂದ ನನ್ನ ದೋಣಿ ತೂಗುಹಾಕು. ತಡೆದ್ರೆ ಫಾತಿಹಾ ಓದಿ ಮಗಳ ಸಂಬಂಧ ಗಟ್ಟಿ ಮಾಡೋಣ. ಜಾರಿದ್ರೆ, ಅಲ್ಲಾಹನಾಣೆ, ನನ್ನ ಮಗಳನ್ನ ನಿನಗೆ ಕೊಡಲ್ಲ. ಅಂಗಳಕ್ಕೂ ಕಾಲಿಡಕೂಡ್ದು."

ನಾನು ಒಪ್ಪಿಬಿಟ್ಟೆ. ಒಪ್ಪದೆ ಏನು? ಅಂಥ ಕಂಬಿ ಅವನ ದೋಣಿಯಂಥ ಎರಡನ್ನು ತಡೆಯುವುದನ್ನು ಕಾಲೇಜಿನ ಯಂತ್ರದಲ್ಲಿ ಕಣ್ಣಾರೆ ಕಂಡವನು ನಾನು. ಡಾಕ್ಟರಾ ನಾದಿರಾ ಕೊಳವೆ ಕೂರಿಸಿದ ಮೂರು ಕಂಬಿಗಳನ್ನು ಕಳಿಸಿಕೊಟ್ಟರು. ಈ ಕಂಬಿಯ ಕುತ್ತಿಗೆಯನ್ನು ನೇರವಾಗಿ ಇಕ್ಕಳದಲ್ಲಿ ಹಿಡಿದರೆ ಪುಡಿಯಾಗುತ್ತದೆ. ಅದಕ್ಕೇ ಒಂದು ತುದಿಯನ್ನು ಕಬ್ಬಿಣದ ಕೊಳವೆಯೊಳಗೆ ಅಂಟು ಹಾಕಿ ಕೂರಿಸಿರುತ್ತಾರೆ. ಎಳೆಯುವುದು ಆ ಕೊಳವೆಯನ್ನು. ಇನ್ನೊಂದು ತುದಿ ಕಾಂಕ್ರೀಟಿನೊಳಗೆ.

ಕಂಬಿ ಬಂದ ದಿನವೇ ದುಸೂಕಿ ಪಂದ್ಯಕ್ಕೆಂದು ಒಂದನ್ನು ಆರಿಸಿ ಕಿತ್ತುಕೊಂಡ. ಕಾಂಕ್ರೀಟು ಹಾಕುವ ದಿನದವರೆಗೆ ಅದು ತನ್ನ ಮನೆಯಲ್ಲಿರುತ್ತದಂತೆ. ಅಲೆಕ್ಸಾಂಡ್ರಿಯಾದವರು ಕಣ್ಣಲ್ಲಿರುವ ಕಾಡಿಗೆಯನ್ನೇ ಕದಿಯುವ ಜನ, ಕೋಲು ಬದಲಾಯಿಸುವುದು ಯಾವ ಲೆಕ್ಕ ಎಂದ. ನನಗೆ ಪಿತ್ತ ನೆತ್ತಿಗೇರಿತು. ಆದರೆ ಮಾವ ಆಗಬೇಕಾದವನು. ಹಲ್ಲು ಕಚ್ಚಿ ಕೆಲಸಕ್ಕೆ ತಿರುಗಿದೆ.

ಕಾಂಕ್ರೀಟು ಹಾಕುವ ಬೆಳಿಗ್ಗೆ ಅವನು ಗೋಣಿಯಲ್ಲಿ ಸುತ್ತಿ ಕಂಬಿ ತಂದ. ನನಗೆ ಮುಟ್ಟಲು ಬಿಡದೆ ತಾನೇ ಅಚ್ಚಿನೊಳಗೆ ಇಳಿಸಿ ಹಿಡಿದುಕೊಂಡ. ನಾನು ಸುತ್ತ ಕಾಂಕ್ರೀಟು ತುಂಬಿದೆ. ಮೀನೆಣ್ಣೆಯ ವಾಸನೆ ಬಂತು, ನಿಜ. ಆದರೆ ಬುರುಲ್ಲುಸ್‌ನಲ್ಲಿ ಮೀನೆಣ್ಣೆಯ ವಾಸನೆ ಯಾವಾಗ ಬರುವುದಿಲ್ಲ? ಅವನ ಗಡ್ಡಕ್ಕೂ ಅದೇ ವಾಸನೆ. ನಮ್ಮ ಕಸುಬಿನ ಪದ್ಧತಿಯಂತೆ ಅದೇ ಕಾಂಕ್ರೀಟಿನಿಂದ ನನ್ನ ಬಳಿ ಉಳಿದ ಎರಡು ಕಂಬಿಗಳಿಗೂ ಇನ್ನೆರಡು ದಿಮ್ಮಿಗಳನ್ನು ಹಾಕಿದೆ. ಒಂದೇ ದಿಮ್ಮಿಯನ್ನು ನಂಬಬಾರದು, ಒಡಹುಟ್ಟಿದವು ಇರಬೇಕು ಎಂದು ಡಾಕ್ಟರಾ ಕಲಿಸಿದ್ದರು.

ಆಮೇಲೆ ನಾಲ್ಕು ವಾರ ಕಾಯುವ ಕೆಲಸ. ಕಾಂಕ್ರೀಟಿಗೆ ದಿನಾ ಒದ್ದೆ ಗೋಣಿ ಹೊದಿಸುತ್ತ, ಅವಳ ಹೊಸ್ತಿಲ ಕಡೆ ನೋಡುತ್ತ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ದೋಣಿಗಳನ್ನು ದಡಕ್ಕೆಳೆಯುವ ಕಡೆ ಮರದ ದಪ್ಪ ಚೌಕಟ್ಟು ಕಟ್ಟಿಸಿ, ಅದರ ಮೇಲೆ ದಿಮ್ಮಿ ಕೂರಿಸಿದೆವು. ಕಂಬಿ ಕೆಳಮುಖ, ಕೊಳವೆಗೆ ಹಗ್ಗ, ಹಗ್ಗಕ್ಕೆ ದೋಣಿ. ಊರೆಲ್ಲ ಸೇರಿತ್ತು. ದೋಣಿಯ ಕೆಳಗಿನ ಮರದ ದಿಂಡುಗಳನ್ನು ಒಂದೊಂದಾಗಿ ತೆಗೆದರು. ಕೊನೆಯ ದಿಂಡು ತೆಗೆದಾಗ ದೋಣಿ ಗಾಳಿಯಲ್ಲಿ ನಿಂತಿತು. ನಾನು ಸನಿಯ್ಯಾಳ ಕಡೆ ತಿರುಗಿದೆ. ಹೆಂಗಸರ ನಡುವೆ ನಿಂತಿದ್ದವಳು ನಕ್ಕಳು.

ಅಷ್ಟರಲ್ಲೇ ದೋಣಿ ಇಳಿಯತೊಡಗಿತು. ಕಂಬಿ ಮುರಿಯಲಿಲ್ಲ, ಕಾಂಕ್ರೀಟು ಸೀಳಲಿಲ್ಲ. ಎಣ್ಣೆ ಹಚ್ಚಿದ ಬೆರಳಿನಿಂದ ಉಂಗುರ ಬರುವ ಹಾಗೆ ಕಂಬಿ ಮೆಲ್ಲಗೆ ಹೊರಬಂತು. ದೋಣಿ ಮರಳಿಗೆ ಕುಕ್ಕರಿಸಿತು, ಅಡಿಯ ಒಂದು ಹಲಗೆ ಬಿರುಕು ಬಿಟ್ಟಿತು. ಜನ ನಕ್ಕರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಓಡಿಹೋಗಿ ಕಂಬಿ ಎತ್ತಿಕೊಂಡೆ. ಮೈಮೇಲೆ ಮರಳು ಹಾಗೇ ಇತ್ತು. ಆದರೆ ಸಂದುಸಂದಿಯಲ್ಲೂ ಕೊಬ್ಬು ಮೆತ್ತಿ ನುಣ್ಣಗಾಗಿತ್ತು. ಸಿಮೆಂಟಿಗೆ ಇಳಿಯಲು ಜಾಗವೇ ಇರಲಿಲ್ಲ, ಮೂರು ಕೈಗಳಲ್ಲಿ ಒಂದೂ ಹಿಡಿದಿರಲಿಲ್ಲ. ಮೂಸಿದೆ. ಲವಂಗ.

ಯಾರೋ ಇದಕ್ಕೆ ಎಣ್ಣೆ ಮೆತ್ತಿದ್ದಾರೆ ಎಂದು ಕೂಗಾಡಿದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ. ಕೋಲು ಇದ್ದದ್ದು ನನ್ನ ಮನೆಯಲ್ಲಿ, ನನ್ನನ್ನು ಮೋಸಗಾರ ಅನ್ನುತ್ತೀಯಾ ಎಂದು ದುಸೂಕಿ ಮುಂದೆ ಬಂದ. ಕೈಕೈ ಮಿಲಾಯಿಸುವುದೊಂದು ಬಾಕಿ. ಆಗ ಸನಿಯ್ಯಾ ಹೆಂಗಸರ ಗುಂಪಿನಿಂದ ಹೊರಬಂದಳು. ಮುಖ ಸುಣ್ಣದ ಹಾಗಿತ್ತು.

"ನಾನೇ ಹಚ್ಚಿದ್ದು, ಅಪ್ಪಾ. ಗುರುವಾರ ಎಲ್ಲಾದಕ್ಕೂ ಹಚ್ಚಿದೆ. ಕೊಳವೆ ಕಬ್ಬಿಣ ಅಲ್ವಾ, ಅದಕ್ಕೆ ಹಚ್ಚಿದ ಕೈ ಕೋಲಿಗೂ ಹೋಯ್ತು."

"ಅದಕ್ಕೆ ತುಕ್ಕೇ ಹಿಡಿಯಲ್ಲ ಅಂತ ಈ ಉಸ್ತಾ ಊರೆಲ್ಲಾ ಸಾರಿದ್ನಲ್ಲ. ಯಾಕೆ ಹಚ್ಚಿದೆ?"

ಅವಳು ನನ್ನನ್ನು ನೋಡಿದಳು, ಅಪ್ಪನನ್ನಲ್ಲ.

"ಬಿಡದೆ ಹಿಡೀಲಿ ಅಂತ."

ಯಾರೂ ನಗಲಿಲ್ಲ. ಬಾಕಿಯದಕ್ಕೆಲ್ಲ ಒಂದು ಸಲ ಹಚ್ಚಿದರೆ ಇದಕ್ಕೆ ಮೂರು ಸಲ ಹಚ್ಚಿದ್ದಳಂತೆ, ಬೆರಳಿನಿಂದ ಒತ್ತಿ ಒತ್ತಿ. ಅದನ್ನು ಆಮೇಲೆ ಅವಳೇ ಹೇಳಿದಳು. ದುಸೂಕಿ ಬಿರುಕು ಬಿಟ್ಟ ಹಲಗೆಯ ಮೇಲೆ ಕೈಯಾಡಿಸಿದ. ಆಮೇಲೆ ಮೆಲ್ಲಗೆ, "ನಿನ್ನ ಕೈಯೇ ಬಿಡಿಸ್ತು ಮಗಳೇ, ನಾನೇನು ಮಾಡ್ಲಿ" ಎಂದು ಮನೆ ಕಡೆ ತಿರುಗಿದ.

ನಾನು ಬಿಡಲಿಲ್ಲ. ಒಡಹುಟ್ಟಿದ ಎರಡನೆಯ ದಿಮ್ಮಿಯನ್ನು ಆಗಲೇ ಏರಿಸಿದೆ. ದೋಣಿ ಎದ್ದಿತು, ನಿಂತಿತು. ಊರವರು ಮನೆಗೆ ಹೋಗಿ ಉಂಡು ಬಂದರೂ ನಿಂತೇ ಇತ್ತು. ಕೊನೆಗೆ ದುಸೂಕಿಯೇ, ಇಳಿಸಿ ಸಾಕು, ಅದೇನು ಕೋಳಿಯೇ ಹೀಗೆ ನೇತುಹಾಕಲು ಎಂದ. ಆದರೆ ಆಣೆ? ಆಣೆ ಇಟ್ಟದ್ದು ಮೊದಲನೆಯ ಕಂಬಿಯ ಮೇಲೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಶೇಖ್ ಮುತವಲ್ಲಿ ದಾರಿ ತೋರಿಸಿದರು. ಆಣೆ ಬಿಡಿಸಿಕೊಳ್ಳಲು ಧರ್ಮದಲ್ಲೇ ಪರಿಹಾರ ಇದೆ, ಹತ್ತು ಜನ ಬಡವರಿಗೆ ಹೊಟ್ಟೆತುಂಬ ಊಟ ಹಾಕಿದರೆ ಮುಗಿಯಿತು ಎಂದರು. ದುಸೂಕಿ, ನನ್ನ ಮನೆಯಲ್ಲಿ ಅಷ್ಟು ಅಕ್ಕಿ ಇಲ್ಲ ಎಂದ. ಆ ವಾರವೇ ಒಂದು ಲಾರಿ ಮೀನು ಮಾರಿದ್ದ, ಆದರೂ ಅಕ್ಕಿ ಇಲ್ಲವಂತೆ. ಹಟಮಾರಿ ಮುದುಕ.

ಚಳಿಗಾಲ ಬಂತು. ನಾವು ಕಟ್ಟೆ ಕಟ್ಟುತ್ತ ಹೋದೆವು. ಅವಳ ಅಂಗಳಕ್ಕೂ ನನಗೂ ನಡುವೆ ಒಂದು ಓಣಿಯಷ್ಟೇ ಅಂತರ. ಗುರುವಾರ ಅವಳು ಹೊಸ್ತಿಲ ಮೇಲೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಸರಪಳಿಯ ಮೇಲೆ ಬಟ್ಟೆ ಉಜ್ಜುವ ಸದ್ದು ಕೇಳುತ್ತಿತ್ತು. ನಾನು ನೀರು ಕೇಳುವಂತಿರಲಿಲ್ಲ. ಬಾಯಾರುತ್ತಿತ್ತು, ನಿಜಕ್ಕೂ ಬಾಯಾರುತ್ತಿತ್ತು. ಗಾಳಿ ಮನೆಯ ಕಡೆಯಿಂದ ಬೀಸಿದರೆ ಲವಂಗದ ವಾಸನೆ ಬಂದು, ತಂತಿ ಬಿಗಿಯುವ ಕೈ ನಿಂತುಬಿಡುತ್ತಿತ್ತು. ಒಂದೇ ಒಂದು ಸಲ ತಿರುಗಿ ನೋಡಲಿ ಎಂದು ಎಷ್ಟು ಗುರುವಾರ ಹಂಬಲಿಸಿದೆನೋ. ರಶೀದ್ ಎಂಬ ಊರಿನಿಂದ ಅವಳಿಗೆ ಗಂಡು ಬಂದಿದ್ದ ಸುದ್ದಿಯೂ ಬಂತು. ಅವಳು ಒಲ್ಲೆ ಎಂದಳಂತೆ. ಆ ದಿನ ಜೊತೆಯವರಿಗೆಲ್ಲ ಚಹಾ ಕೊಡಿಸಿದೆ, ಕಾರಣ ಹೇಳಲಿಲ್ಲ.

ದುಸೂಕಿ ದಿನಾ ಬೆಳಿಗ್ಗೆ ಕಟ್ಟೆಗೆ ಬರುತ್ತಿದ್ದ. ನನ್ನನ್ನು ಮಾತಾಡಿಸುತ್ತಿರಲಿಲ್ಲ. ಮೂರನೆಯ ಮೆಟ್ಟಿಲ ಬಳಿ ಬಗ್ಗಿ, ಅಂಚಿನಲ್ಲಿ ತುಕ್ಕಿನ ಕಂದು ನೀರು ಜಿನುಗಿದೆಯೇ ಎಂದು ಬೆರಳಿನಿಂದ ಒರೆಸಿ ನೋಡುತ್ತಿದ್ದ. ಚಳಿಗಾಲದ ದೊಡ್ಡ ಬಿರುಗಾಳಿಗಳು ಬಂದು ಹೋದವು, ಅಲೆಗಳು ಮೆಟ್ಟಿಲ ಮೇಲೆ ದಿನಗಟ್ಟಲೆ ಬಡಿದವು. ಬೆರಳು ಚೊಕ್ಕಟವಾಗಿಯೇ ಬರುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಅವನು ಆ ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ಕೆಲಸ ಮಾಡುತ್ತಿದ್ದ ಕಡೆ ತಿರುಗದೆಯೇ ಮಾತಾಡಿದ.

"ನಿನ್ನ ಕೋಲು ಹಿಡೀತದೆ, ಒಪ್ಪಿದೆ. ಅವಳನ್ನ ಅಲೆಕ್ಸಾಂಡ್ರಿಯಾಗೆ ಕರ್ಕೊಂಡು ಹೋದ್ರೆ ನನ್ನ ಗಾಳಕ್ಕೆ ಎಣ್ಣೆ ಹಚ್ಚೋರು ಯಾರು?"

ಆ ಮುದುಕನ ಮೇಲಿದ್ದ ಸಿಟ್ಟೆಲ್ಲ ಆ ಮಾತಿಗೆ ಇಳಿದುಹೋಯಿತು. ಆಣೆಯೂ ಅಲ್ಲ, ಅಕ್ಕಿಯೂ ಅಲ್ಲ, ಇದು ಅವನ ಸಂಕಟ. ನಾನೆಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತೇನೆ ಎಂದು ಅವಳಿಗೆ ಅವತ್ತೇ ಹೇಳಿದ್ದೇನೆ ಎಂದೆ. ಅವನು ಮೆಟ್ಟಿಲನ್ನು ಒಮ್ಮೆ ತಟ್ಟಿ ಎದ್ದುಹೋದ.

ಕಟ್ಟೆ ಮುಗಿದ ದಿನ ದುಸೂಕಿಯ ಮನೆಯಿಂದ ಹೊಗೆ ಏಳುತ್ತಿತ್ತು. ಮಧ್ಯಾಹ್ನ ಅವನೇ ತಲೆಯ ಮೇಲೆ ದೊಡ್ಡ ಹರಿವಾಣ ಹೊತ್ತು ಓಣಿ ದಾಟಿ ಬಂದ. ಈರುಳ್ಳಿ ಕಂದಾಗುವವರೆಗೆ ಹುರಿದು ಬೇಯಿಸಿದ ಅನ್ನ, ಮೇಲೆ ಇಡಿಯ ಮೀನುಗಳು. ಆ ಹರಿವಾಣ ಹೊತ್ತೇ ಮೆಟ್ಟಿಲು ಇಳಿದ, ಒಂದು, ಎರಡು, ಮೂರನೆಯದರ ಮೇಲೆ ನಿಂತ. ಉಸಿರು ಬಿಟ್ಟು ಅಲ್ಲೇ ಹರಿವಾಣ ಇಟ್ಟ. ನನ್ನ ಜೊತೆಯ ಕೆಲಸಗಾರರನ್ನೆಲ್ಲ ಕರೆದು ಕೂರಿಸಿದ. ಶೇಖ್ ಮುತವಲ್ಲಿ ಪಕ್ಕದಲ್ಲಿ ನಿಂತು ತಲೆ ಎಣಿಸಿದರು, ಒಂಬತ್ತು, ಒಬ್ಬ ಕಡಿಮೆ ಎಂದರು.

ನಾನು ದೂರದಲ್ಲಿ ಉಪಕರಣ ಜೋಡಿಸುತ್ತಿದ್ದೆ. ಕರೆಯದೆ ಹೋಗುವಂತಿರಲಿಲ್ಲ.

"ಏಯ್ ಉಸ್ತಾ," ಎಂದ ದುಸೂಕಿ. "ನೀನೇನು ಪಾಶಾ ಸಾಹುಕಾರನಾ? ನೀನೂ ಬಡವನೇ ತಾನೇ?"

"ಹೌದು ರಯ್ಯಿಸ್."

"ಮತ್ತೆ ಯಾಕೆ ನಿಂತಿದ್ದೀಯಾ? ಕೈ ತೊಳ್ಕೊಂಡು ಬಂದು ಕೂತ್ಕೋ. ಅನ್ನ ಆರ್ತದೆ."

ನಾನು ಕೂತೆ. ತುತ್ತಿನ ಮೇಲೆ ತುತ್ತು ತಿಂದೆ, ಹೊಟ್ಟೆ ತುಂಬಬೇಕಲ್ಲ, ಇಲ್ಲದಿದ್ದರೆ ಆಣೆ ಕಳೆಯುವುದಿಲ್ಲ. ಓಣಿಯಾಚೆ ಹೊಸ್ತಿಲ ಮೇಲೆ ಅವಳು ಈ ಕಡೆ ಮುಖ ಮಾಡಿ ನಿಂತಿದ್ದಳು.

ಆ ಜಾರಿದ ಕಂಬಿಯನ್ನು ಸನಿಯ್ಯಾ ಎಸೆಯಲು ಬಿಡಲಿಲ್ಲ. ಮದುವೆಯಾದ ಮೇಲೆ ತಂದು ನಮ್ಮ ಬಾಗಿಲ ಹಿಂದೆ ಇಟ್ಟಳು. ಪ್ರತಿ ಗುರುವಾರ ಗಾಳ, ಸರಪಳಿ, ಚಿಲಕಗಳ ಜೊತೆ ಅದಕ್ಕೂ ಎಣ್ಣೆ. ಅದಕ್ಕೆ ತುಕ್ಕು ಹಿಡಿಯಲ್ಲ ಕಣೇ ಎಂದು ನಾನು ಗೊಣಗುವುದು, ನಿನಗೇನು ಗೊತ್ತು ಸುಮ್ನಿರು ಎಂದು ಅವಳು ಬಾಯಿ ಮುಚ್ಚಿಸುವುದು, ಇದೇ ನಮ್ಮ ಸಂಸಾರ. ನನ್ನ ಬಾಯಿ ಮುಚ್ಚಿಸಬಲ್ಲವಳು ಅವಳೊಬ್ಬಳೇ ಇದ್ದಳು. ಮಾವ ತೀರಿಕೊಂಡ. ನಮಗೂ ತಲೆ ನರೆಯಿತು. ಹೋದ ಚಳಿಗಾಲದ ಮೊದಲ ಬಿರುಗಾಳಿಗೆ ಅವಳಿಗೆ ಜ್ವರ ಬಂತು, ಗಾಳಿ ನಿಲ್ಲುವಷ್ಟರಲ್ಲಿ ಅವಳು ಇರಲಿಲ್ಲ. ಕಟ್ಟೆಯ ಒಂದೇ ಒಂದು ಮೆಟ್ಟಿಲೂ ಬಿರಿದಿಲ್ಲ. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅವಳಿಲ್ಲದೆ ಇದು ಹೀಗೆ ಗಟ್ಟಿಯಾಗಿ ನಿಂತು ಯಾರಿಗೇನಾಗಬೇಕು?

ಡಾಕ್ಟರಾ ನಾದಿರಾಗೆ ಈಗ ವಯಸ್ಸಾಗಿದೆ, ಕೋಲೂರಿಕೊಂಡು ವರ್ಷಕ್ಕೊಮ್ಮೆ ಕಟ್ಟೆ ನೋಡಲು ಬರುತ್ತಾರೆ. ಹೋದ ವಾರ ಬಂದಾಗ ಗುರುವಾರ. ನಾನು ಹೊಸ್ತಿಲ ಮೇಲೆ ಕೂತಿದ್ದೆ. ಮಡಿಲಲ್ಲಿ ಈ ಕಂಬಿ, ಪಕ್ಕದಲ್ಲಿ ಬಟ್ಟಲು. ಲವಂಗದ ಹದ ನನಗಿನ್ನೂ ಸರಿಯಾಗಿ ಸಿಕ್ಕಿಲ್ಲ, ಅವಳದರ ವಾಸನೆ ಬರುವುದಿಲ್ಲ. ಡಾಕ್ಟರಾ ಬಗ್ಗಿ ನೋಡಿದರು.

"ಉಸ್ತಾ, ಅದಕ್ಕೆ ತುಕ್ಕು ಹಿಡಿಯಲ್ಲ ಅಂತ ನಾನೇ ಅಲ್ವಾ ನಿಮಗೆ ಕಲಿಸಿದ್ದು? ಯಾಕೆ ಹಚ್ತಾ ಇದ್ದೀರಿ?"

"ಬಿಡದೆ ಹಿಡೀಲಿ ಅಂತ," ಎಂದೆ.

ಅವರಿಗೆ ಏನು ತಿಳಿಯಿತೋ, ಊರುಗೋಲನ್ನು ಗೋಡೆಗೆ ಒರಗಿಸಿ ನನ್ನ ಪಕ್ಕದಲ್ಲೇ ಕೂತರು. ನಾನು ಬಟ್ಟೆಯನ್ನು ಬಟ್ಟಲಿಗೆ ಅದ್ದಿ, ಮರಳಿನ ಸಂದುಸಂದಿಗೆ ಬೆರಳಿನಿಂದ ಒತ್ತಿ ಒತ್ತಿ ಹಚ್ಚುತ್ತ ಕೂತೆ.